ತಪ್ಪು ಕಂಡದ್ದೆಲ್ಲಿ, ಹುಟ್ಟಿದ್ದೆಲ್ಲಿ?
(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಉರ್ದು, ಕನ್ನಡ ಪಾಠ ಮಾಡುವವರಿಗೆ ಕಂಪ್ಯೂಟರಿನ ಗೊಡವೆ ಏಕೆ ಎಂದು ತಮಗೆ ಅನ್ನಿಸಬಹುದು. ನಮ್ಮ ತಾಲ್ಲೂಕುಗಳ ಮಕ್ಕಳು ಡಿಪ್ಲೊಮಾ, ಬಿ.ಸಿ.ಎ., ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಹೋಗುತ್ತಿದ್ದಾರೆ. ಹೊಸಬರ ಕೈಗೆ ಎಷ್ಟೋ ಸಲ ಮೊದಲು ಬರುವುದು ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ. ಇದಕ್ಕೆ ಡಿಬಗ್ಗಿಂಗ್ ಎನ್ನುತ್ತಾರೆ. ಇಂದು ಈ ಕೆಲಸ ಬಹುಮಟ್ಟಿಗೆ ಭಾಷಾಂತರಕ್ಕೆ ಸಂಬಂಧಿಸಿದ್ದು. ಆದ್ದರಿಂದಲೇ ಭಾಷೆ ಕಲಿಸುವ ನಾನು ಈ ಬಗ್ಗೆ ನಾಲ್ಕು ಮಾತು ಹೇಳಲು ಇಷ್ಟಪಡುತ್ತೇನೆ.

ವೆಬ್ ಪುಟಗಳನ್ನು ತೋರಿಸುವ ಬ್ರೌಸರ್‌ಗೆ ಬಹುಕಾಲ ಅರ್ಥವಾಗುತ್ತಿದ್ದ ಪ್ರೋಗ್ರಾಮಿಂಗ್ ಭಾಷೆ ಮುಖ್ಯವಾಗಿ ಒಂದೇ, ಜಾವಾಸ್ಕ್ರಿಪ್ಟ್. ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಅದನ್ನು 1995ರಲ್ಲಿ ರೂಪಿಸಿದರು. ಕಾರ್ಯಕ್ರಮಗಳು ದೊಡ್ಡದಾದಂತೆ ಆ ಭಾಷೆಯಲ್ಲೇ ನೇರವಾಗಿ ಬರೆಯುವುದು ಕಷ್ಟವಾಯಿತು. ಮೈಕ್ರೋಸಾಫ್ಟ್ 2012ರಲ್ಲಿ ಟೈಪ್‌ಸ್ಕ್ರಿಪ್ಟ್ ಎಂಬ ಭಾಷೆಯನ್ನು ಹೊರತಂದಿತು. ಡಾರ್ಟ್, ಪ್ಯೂರ್‌ಸ್ಕ್ರಿಪ್ಟ್ ಮುಂತಾದವೂ ಇವೆ. ಇವುಗಳಲ್ಲಿ ಬರೆದದ್ದನ್ನು ಕಂಪೈಲರ್ ಎಂಬ ಸಾಧನ ಜಾವಾಸ್ಕ್ರಿಪ್ಟಿಗೆ ತರ್ಜುಮೆ ಮಾಡುತ್ತದೆ. ಆಮೇಲೆ ಬೇಗ ಡೌನ್‌ಲೋಡ್ ಆಗಲೆಂದು ಖಾಲಿ ಜಾಗವನ್ನೆಲ್ಲ ತೆಗೆದು, ಉದ್ದ ಹೆಸರುಗಳನ್ನು ಒಂದೆರಡು ಅಕ್ಷರಕ್ಕೆ ಇಳಿಸುತ್ತಾರೆ.

ಹೀಗಾಗಿ ನಾವು ಬರೆಯುವುದು ಒಂದು, ಓಡುವುದು ಇನ್ನೊಂದು. ತಪ್ಪಾದಾಗ ಬ್ರೌಸರ್ ತೋರಿಸುವುದು ತರ್ಜುಮೆಯಾದ ಪ್ರತಿಯ ಜಾಗವನ್ನು. 'ಮೊದಲ ಸಾಲಿನ ನಲವತ್ತು ಸಾವಿರದನೆಯ ಅಕ್ಷರದಲ್ಲಿ ದೋಷವಿದೆ' ಎಂದರೆ ಯಾರು ತಾನೇ ಏನು ಮಾಡಿಯಾರು?

ಉರ್ದುವಿನ 'ಕಲ್' ಎಂಬ ಪದವನ್ನೇ ನೋಡಿ. ಅದಕ್ಕೆ ನಿನ್ನೆ ಎಂಬ ಅರ್ಥವೂ ಉಂಟು, ನಾಳೆ ಎಂಬ ಅರ್ಥವೂ ಉಂಟು. ಕನ್ನಡಕ್ಕೆ ತರುವಾಗ ಒಂದನ್ನು ಆರಿಸಲೇಬೇಕು. ಕನ್ನಡದ ಪಾಠದಲ್ಲಿ 'ನಾಳೆ ಅವನು ಬಂದಿದ್ದ' ಎಂದು ಕಂಡರೆ, ಆ ಪುಟವನ್ನೇ ಎಷ್ಟು ದಿಟ್ಟಿಸಿದರೂ ಕಾರಣ ತಿಳಿಯದು. ಮೂಲದ ಯಾವ ಸಾಲಿನಿಂದ ಇದು ಬಂತು ಎಂದು ಹುಡುಕಬೇಕು. ಅಂಚಿನಲ್ಲಿ ಮೂಲದ ಪುಟ, ಸಾಲು ಬರೆದಿಟ್ಟಿದ್ದರೆ ಕೆಲಸ ಹಗುರ.

ಕಂಪ್ಯೂಟರಿನಲ್ಲಿ ಈ ಅಂಚಿನ ಟಿಪ್ಪಣಿಗೆ ಸೋರ್ಸ್ ಮ್ಯಾಪ್ ಎಂದು ಹೆಸರು. ತರ್ಜುಮೆಯ ಯಾವ ತುಣುಕು ಮೂಲದ ಯಾವ ಕಡತದ ಎಷ್ಟನೇ ಸಾಲಿನದು ಎಂದು ಅದು ದಾಖಲಿಸುತ್ತದೆ. ಈಗ ಬಳಕೆಯಲ್ಲಿರುವ ಮೂರನೆಯ ಆವೃತ್ತಿ 2011ರದು. 2024ರಲ್ಲಿ ಅದು ಇಸಿಎಂಎ-426 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು.

ಇದೆಲ್ಲ ವಿದೇಶದ ಮಾತು ಎಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ 2022ರಲ್ಲಿ ಆರಂಭವಾದ 'ನಮ್ಮ ಯಾತ್ರಿ' ಆಟೋ ಆ್ಯಪ್ ತಮಗೆ ಗೊತ್ತು. ಅದನ್ನು ರೂಪಿಸಿದ್ದು ಜಸ್‌ಪೇ ಎಂಬ ಬೆಂಗಳೂರಿನ ಸಂಸ್ಥೆ. ಪ್ರಯಾಣಿಕರು ಮತ್ತು ಚಾಲಕರು ನೋಡುವ ಪರದೆಯ ಭಾಗವನ್ನು ಪ್ಯೂರ್‌ಸ್ಕ್ರಿಪ್ಟಿನಲ್ಲಿ ಬರೆದು ಜಾವಾಸ್ಕ್ರಿಪ್ಟಿಗೆ ತರ್ಜುಮೆ ಮಾಡಲಾಯಿತು. ಅದರ ಮೂಲ ಪ್ರೋಗ್ರಾಮನ್ನು ಯಾರು ಬೇಕಾದರೂ ಓದಲೆಂದು ಸಾರ್ವಜನಿಕವಾಗಿ ಇಡಲಾಯಿತು. ಹೊಳಲ್ಕೆರೆಯಲ್ಲಿ ಕುಳಿತ ವಿದ್ಯಾರ್ಥಿಗೂ ಅದು ಪಠ್ಯಪುಸ್ತಕವಾಗಬಲ್ಲದು.

ಈಗ ಒಂದು ಸಣ್ಣ ಉದಾಹರಣೆ. ಕನ್ನಡದಲ್ಲಿ 62, ಉರ್ದುವಿನಲ್ಲಿ 71 ಅಂಕ. ಪುಟ 133 ತೋರಿಸಬೇಕು, ಆದರೆ 6271 ತೋರಿಸುತ್ತಿದೆ. ಯಾವ ದೋಷದ ಸಂದೇಶವೂ ಇಲ್ಲ. ಟೈಪ್‌ಸ್ಕ್ರಿಪ್ಟಿನಲ್ಲಿ ಎರಡನ್ನೂ 'ಸಂಖ್ಯೆ' ಎಂದೇ ಬರೆಯಲಾಗಿದೆ, ಕಂಪೈಲರ್ ಕೂಡ ತಕರಾರು ಮಾಡಿಲ್ಲ.

ಹೇಗೆ ಹುಡುಕಬೇಕು? ಬ್ರೌಸರಿನಲ್ಲಿ ಎಫ್ 12 ಒತ್ತಿದರೆ ಡೆವಲಪರ್ ಟೂಲ್ಸ್ ತೆರೆಯುತ್ತದೆ. ಸೋರ್ಸ್ ಮ್ಯಾಪ್ ಇದ್ದರೆ ಅಲ್ಲಿ ಮೂಲ ಟೈಪ್‌ಸ್ಕ್ರಿಪ್ಟ್ ಕಡತವೇ ಕಾಣುತ್ತದೆ. ಕೂಡುವ ಸಾಲಿನ ಸಂಖ್ಯೆಯ ಮೇಲೆ ಕ್ಲಿಕ್ ಮಾಡಿ ಬ್ರೇಕ್‌ಪಾಯಿಂಟ್ ಇಟ್ಟು, ಪುಟವನ್ನು ಮತ್ತೆ ಲೋಡ್ ಮಾಡಿದರೆ ಕಾರ್ಯಕ್ರಮ ಆ ಸಾಲಿನಲ್ಲಿ ನಿಲ್ಲುತ್ತದೆ. ಅಂಕದ ಬೆಲೆ ನೋಡಿದರೆ 62ರ ಸುತ್ತ ಉದ್ಧರಣ ಚಿಹ್ನೆ ಇದೆ. ಅಂದರೆ ಅದು ಸಂಖ್ಯೆಯಲ್ಲ, ಬರಹ. ಎರಡು ಬರಹಗಳನ್ನು ಕೂಡಿಸಿದರೆ ಅವು ಅಕ್ಕಪಕ್ಕ ಸೇರುತ್ತವೆ. ನೆಟ್‌ವರ್ಕ್ ವಿಭಾಗದಲ್ಲಿ ನೋಡಿದರೆ ಸರ್ವರ್ ಕಳಿಸಿದ್ದೇ ಹಾಗೆ. ಟೈಪ್‌ಸ್ಕ್ರಿಪ್ಟಿನ 'ಸಂಖ್ಯೆ' ಎಂಬ ಮಾತು ತರ್ಜುಮೆಯ ಹೊತ್ತಿಗೇ ಅಳಿಸಿಹೋಗಿರುತ್ತದೆ. ಹೊರಗಿನಿಂದ ಬರುವ ಮಾಹಿತಿಯನ್ನು ಅದು ಕಾಯುವುದಿಲ್ಲ.

ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಾರದಿದ್ದರೆ ಹಿರಿಯೂರಿನ ರೈತ ತನ್ನ ಹೊಲ ಅಗೆಯುವುದಿಲ್ಲ, ಏರಿಯ ಮೇಲೆ ಹಿಂದಕ್ಕೆ ನಡೆದುಹೋಗಿ ಒಡೆದ ಜಾಗ ಹುಡುಕುತ್ತಾನೆ. ಇಲ್ಲಿಯೂ ಹಾಗೆಯೇ. ಮಾಹಿತಿ ಒಳಗೆ ಬರುವ ಜಾಗದಲ್ಲಿ ಪರೀಕ್ಷಿಸಿ, ಸಂಖ್ಯೆಯಾಗಿ ಬದಲಿಸಿಕೊಳ್ಳಬೇಕು. ಅವಸರದಲ್ಲಿ ತರ್ಜುಮೆಯಾದ ಕಡತವನ್ನೇ ತಿದ್ದಿದರೆ ಮುಂದಿನ ಕಂಪೈಲ್‌ನಲ್ಲಿ ಆ ತಿದ್ದುಪಡಿ ಅಳಿಸಿಹೋಗುತ್ತದೆ.

ಎರಡು ಎಚ್ಚರಿಕೆಗಳನ್ನು ನೆನಪಿಡಿ. ಸೋರ್ಸ್ ಮ್ಯಾಪ್ ಮತ್ತು ಪ್ರೋಗ್ರಾಮ್ ಒಂದೇ ಸಲ ಕಂಪೈಲ್ ಆದವುಗಳಾಗಿರಬೇಕು. ಹೋದ ವರ್ಷದ ಪುಸ್ತಕದ ಪರಿವಿಡಿ ಹಿಡಿದು ಈ ವರ್ಷದ ಪುಸ್ತಕ ಹುಡುಕಿದರೆ ಪುಟ ತಪ್ಪುತ್ತದೆ. ಇನ್ನೊಂದು, ಮ್ಯಾಪನ್ನು ಎಲ್ಲರಿಗೂ ಸಿಗುವಂತೆ ಇಟ್ಟರೆ ನಿಮ್ಮ ಮೂಲ ಪ್ರೋಗ್ರಾಮೂ ಎಲ್ಲರಿಗೂ ಕಾಣಬಹುದು. ಬೇಡವಾದರೆ ಅದನ್ನು ಕಚೇರಿಯೊಳಗೇ ಇಟ್ಟುಕೊಳ್ಳಬೇಕು.

ಇದು ನೌಕರಿಯ ಪ್ರಶ್ನೆ ಮಾತ್ರವಲ್ಲ. ಇಂದು ವಿದ್ಯಾರ್ಥಿವೇತನದ ಅರ್ಜಿ, ಕಾಲೇಜು ಪ್ರವೇಶ, ಅಂಕಪಟ್ಟಿ ಎಲ್ಲವೂ ವೆಬ್ ಪುಟದ ಮೇಲೆಯೇ. ಕೊನೆಯ ದಿನ ಗುಂಡಿ ಒತ್ತಿದಾಗ ಪುಟ ಸುಮ್ಮನಾಗಿಬಿಟ್ಟರೆ ಬಡ ಮನೆಯ ಹುಡುಗಿಯ ಒಂದು ವರ್ಷದ ಫೀಸು ಹೋಗುತ್ತದೆ. ಆ ತಪ್ಪನ್ನು ಅರ್ಧ ಗಂಟೆಯಲ್ಲಿ ಮೂಲದವರೆಗೆ ಹಿಂಬಾಲಿಸಬಲ್ಲವರು ಬೇಕು. ಆ ಕೈಗಳು ನಮ್ಮ ಮಕ್ಕಳದೂ ಆಗಲಿ.

ವಿದ್ಯಾರ್ಥಿಗಳೇ, ತಪ್ಪು ಕಂಡ ಕೂಡಲೇ ಅಳಿಸಿ ಮತ್ತೆ ಬರೆಯಬೇಡಿ. ಅದನ್ನು ಮತ್ತೊಮ್ಮೆ ಆಗುವಂತೆ ಮಾಡಿ, ಕಂಡ ಜಾಗದಿಂದ ಹುಟ್ಟಿದ ಜಾಗಕ್ಕೆ ಹೆಜ್ಜೆ ಹೆಜ್ಜೆಯಾಗಿ ಹೋಗಿ, ಕಾರಣವನ್ನು ನಿಮ್ಮ ಮಾತಿನಲ್ಲೇ, ಕನ್ನಡವಾಗಲಿ ಉರ್ದುವಾಗಲಿ, ಬರೆದಿಡಿ. ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ: ನಮ್ಮ ಕಂಪ್ಯೂಟರ್ ತರಗತಿಗಳಲ್ಲಿ ವಾರಕ್ಕೆ ಒಂದು ಗಂಟೆಯನ್ನು ತಪ್ಪು ಹುಡುಕುವ ಅಭ್ಯಾಸಕ್ಕೇ ಮೀಸಲಿಡಿ. ಅದಕ್ಕೆ ಬೇಕಾದ ಬ್ರೌಸರ್ ಪುಕ್ಕಟೆ ಸಿಗುತ್ತದೆ, ತಾಳ್ಮೆಯನ್ನು ಮಾತ್ರ ನಾವೇ ಕಲಿಸಬೇಕು.