ಹೇಳಿದವರ ಹೆಸರು ಕೇಳಿರಿ



ಮಸ್ಕಿಯ ಗುಡ್ಡಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿಯ ಬಂಡೆಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಒಬ್ಬ ದೊರೆ ಪ್ರಜೆಗಳಿಗೆ ಹೇಳಿಸಿದ ಮಾತಿದೆ. ಅಲ್ಲಿಯವರೆಗೆ ದೇಶದ ನಾನಾ ಕಡೆ ಸಿಕ್ಕಿದ್ದ ಇಂಥ ಶಾಸನಗಳಲ್ಲಿ ‘ದೇವಾನಾಂಪ್ರಿಯ’ನಂಥ ಬಿರುದುಗಳಷ್ಟೇ ಇದ್ದವು. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಚಿನ್ನ ಹುಡುಕುತ್ತ ಬಂದಾಗ ಈ ಬಂಡೆ ಕಣ್ಣಿಗೆ ಬಿತ್ತು. ಇದರಲ್ಲಿ ಬಿರುದಿನ ಜೊತೆ ಹೆಸರೂ ಇತ್ತು: ಅಶೋಕ. ಈ ಮಾತು ಯಾರದು ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ನೆಲ ನಮ್ಮದು. ಅದೇ ಪ್ರಶ್ನೆಯನ್ನು ಇವತ್ತು ನೀವು ಕೇಳಬೇಕಾಗಿದೆ.

ಬೆಳಿಗ್ಗೆ ಸಿಂಧನೂರಿನ ಹೋಟೆಲೊಂದರಲ್ಲಿ ಒಗ್ಗರಣಿ-ಮಿರ್ಚಿ ಮುಂದಿಟ್ಟುಕೊಂಡು ಕೂತು ನೋಡಿ. ಗೋಡೆಯ ಟಿ.ವಿ.ಯಲ್ಲಿ ನಾಲ್ವರು ಒಬ್ಬರ ಮೇಲೊಬ್ಬರು ಕೂಗಾಡುತ್ತಿರುತ್ತಾರೆ. ಅದರ ಕೆಳಗೇ ಕಾಲುವೆಯ ಕೊನೆಭಾಗದ ರೈತನೊಬ್ಬ, ಎರಡನೇ ಬೆಳೆಗೆ ನೀರು ಬಿಡ್ತಾರೋ ಇಲ್ಲೋ ಎಂದು ಪಕ್ಕದವನನ್ನು ಕೇಳುತ್ತಿರುತ್ತಾನೆ. ಆ ಕೂಗಾಟದಲ್ಲಿ ಅವನ ಪ್ರಶ್ನೆಗೆ ಜಾಗವೇ ಇಲ್ಲ. ಪಕ್ಷ ಹಿಡಿದ ಮಾಧ್ಯಮ ಮಾಡುವ ಮೊದಲ ಕೇಡು ಇದು. ಸುಳ್ಳು ಆಮೇಲಿನ ಮಾತು. ಅದಕ್ಕೂ ಮುಂಚೆ ನಾವು ಯಾವುದನ್ನು ಮಾತಾಡಬೇಕು ಎಂಬುದನ್ನೇ ಅದು ಗೊತ್ತುಮಾಡಿಬಿಡುತ್ತದೆ. ಆದರೆ ಪಾಮನಕಲ್ಲೂರಿನಲ್ಲಿ 5ಎ ನೀರಾವರಿ ಕಾಲುವೆಗಾಗಿ ಧರಣಿ ಕೂತ ರೈತರು ಯಾವ ಟಿ.ವಿ. ಚರ್ಚೆಗೂ ಕಾಯಲಿಲ್ಲ. 2021ರ ಮಸ್ಕಿ ಉಪಚುನಾವಣೆಯಲ್ಲಿ ಮತ ಕೇಳಲು ಬಂದವರು ಆ ನೀರಿನ ಮಾತನ್ನು ಆಡಲೇಬೇಕಾಯಿತು.

ಒಂದು ಚಾನೆಲ್‌ನಿಂದ ಏನಾದೀತು ಬಿಡಿ ಎನ್ನುವಿರಾ? ಅಮೆರಿಕದಲ್ಲಿ ಫಾಕ್ಸ್ ನ್ಯೂಸ್ ಶುರುವಾದದ್ದು 1996ರಲ್ಲಿ. ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಈಥನ್ ಕಪ್ಲಾನ್ ಸಾವಿರಾರು ಊರುಗಳ ಮತಗಳನ್ನು ತಾಳೆ ಹಾಕಿದರು. 2000ದ ಹೊತ್ತಿಗೆ ಆ ಚಾನೆಲ್ ತಲುಪಿದ್ದ ಊರುಗಳಲ್ಲಿ ರಿಪಬ್ಲಿಕನ್ ಪಕ್ಷದ ಮತಪಾಲು ಶೇಕಡಾ 0.4ರಿಂದ 0.7 ಅಂಶದಷ್ಟು ಏರಿತ್ತು. ಇಷ್ಟೇನಾ ಎನ್ನಬೇಡಿ, ಮಸ್ಕಿಯ ಲೆಕ್ಕ ಹಾಕಿ. 2018ರಲ್ಲಿ ಇಲ್ಲಿ ಮೊದಲಿಬ್ಬರು ಅಭ್ಯರ್ಥಿಗಳು ಪಡೆದದ್ದು ಒಟ್ಟು 1.2 ಲಕ್ಷ ಮತ. ಗೆದ್ದ ಅಂತರ ಬರೀ 213. 1.2 ಲಕ್ಷಕ್ಕೆ ಅರ್ಧ ಪರ್ಸೆಂಟ್ ಎಂದರೆ 600. ಇಂಥ ಕಣದಲ್ಲಿ ಅಷ್ಟು ಚಿಕ್ಕ ಗಾಳಿ ಬೀಸಿದರೂ ಫಲಿತಾಂಶ ಅತ್ತಿಂದಿತ್ತಾದೀತು.

ಇಟಲಿಯಲ್ಲಿ ಮೂರು ಟಿ.ವಿ. ಚಾನೆಲ್‌ಗಳ ಒಡೆಯ ಸಿಲ್ವಿಯೊ ಬೆರ್ಲುಸ್ಕೋನಿ 1994ರಲ್ಲಿ ಪಕ್ಷ ಕಟ್ಟಿ, ಕೆಲವೇ ತಿಂಗಳಲ್ಲಿ ಪ್ರಧಾನಿಯಾದರು. ಅಮೆರಿಕದ 2020ರ ಚುನಾವಣೆಯಲ್ಲಿ ಮತಯಂತ್ರಗಳೇ ಮೋಸ ಮಾಡಿದವು ಎಂಬ ಸುಳ್ಳನ್ನು ಪ್ರಸಾರ ಮಾಡಿದ್ದಕ್ಕೆ, ಫಾಕ್ಸ್ 2023ರ ಏಪ್ರಿಲ್‌ನಲ್ಲಿ ಆ ಯಂತ್ರಗಳ ತಯಾರಕ ಡೊಮಿನಿಯನ್ ಕಂಪನಿಗೆ 78.75 ಕೋಟಿ ಡಾಲರ್ ತೆರಲು ಒಪ್ಪಿತು. ಅಷ್ಟರೊಳಗೆ ಆ ಸುಳ್ಳನ್ನು ನಂಬಿದವರು ಲಕ್ಷಗಟ್ಟಲೆ. ನಮ್ಮ ದೇಶದಲ್ಲಿ ಈ ಪಕ್ಷಪಾತಕ್ಕೆ ‘ಕಾಸಿಗಾಗಿ ಸುದ್ದಿ’ ಎಂಬ ಇನ್ನೊಂದು ರೂಪವಿದೆ. ಸುದ್ದಿಯ ವೇಷದಲ್ಲಿ ಅಚ್ಚಾದ ಜಾಹೀರಾತಿನ ಖರ್ಚು ತೋರಿಸದ ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಚುನಾವಣಾ ಆಯೋಗ 2011ರಲ್ಲಿ ಮೂರು ವರ್ಷಗಳಿಗೆ ಅನರ್ಹಗೊಳಿಸಿತು.

ಸತ್ಯ ಬರೆದದ್ದಕ್ಕೆ ಜೀವ ತೆತ್ತವರನ್ನೂ ಮರೆಯಬೇಡಿ. ನಮ್ಮ ಮಸ್ಕಿ, ಸಿಂಧನೂರು, ಲಿಂಗಸುಗೂರು ಮೂರೂ ಅಂದು ನಿಜಾಮನ ಸೀಮೆಯಲ್ಲಿದ್ದವು. ಹೈದರಾಬಾದ್ ಭಾರತಕ್ಕೆ ಸೇರಬೇಕು ಎಂದು ಬರೆದ ಉರ್ದು ಪತ್ರಿಕೆ ‘ಇಮ್ರೋಜ್’ನ ಸಂಪಾದಕ ಶೋಯಬುಲ್ಲಾ ಖಾನ್ ಅವರನ್ನು 1948ರ ಆಗಸ್ಟ್‌ನಲ್ಲಿ ರಜಾಕಾರರು ನಡುಬೀದಿಯಲ್ಲಿ ಕೊಂದರು. ಅವರು ಬರೆದದ್ದು ತಮ್ಮ ಹೆಸರಿನಲ್ಲಿ. ಇವತ್ತು ಹೆಸರಿಲ್ಲದ ಫಾರ್ವರ್ಡೊಂದು ಕ್ಷಣದಲ್ಲಿ ಊರೆಲ್ಲ ಸುತ್ತಿ ಬರುತ್ತದೆ, ಅದರ ಹೊಣೆ ಯಾರೂ ಹೊರುವುದಿಲ್ಲ.

ಹಾಗಾದರೆ ನೀವೇನು ಮಾಡಬೇಕು? ಲಿಂಗಸುಗೂರಿನವರಿಗೆ ಹಟ್ಟಿಯ ಗಣಿ ಗೊತ್ತು. ಟನ್‌ಗಟ್ಟಲೆ ಕಲ್ಲು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಸುದ್ದಿಯನ್ನೂ ಹಾಗೇ ಕುಟ್ಟಿ ನೋಡಿ. ಹೇಳಿದವರು ಯಾರು? ಚಾನೆಲ್ಲಿನ ಒಡೆಯರು ಯಾರು? ಇದರಿಂದ ಲಾಭ ಯಾರಿಗೆ? ಚುನಾವಣೆಯ ಕರಪತ್ರ ಕೈಗೆ ಬಂದರೆ ಕೆಳಗಿನ ಸಾಲು ಓದಿ. ಮುದ್ರಕರ, ಪ್ರಕಾಶಕರ ಹೆಸರು ಹಾಕಲೇಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಹೇಳುತ್ತದೆ. ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಓದಿ. ಅಭ್ಯರ್ಥಿಯ ಆಸ್ತಿ, ಮೊಕದ್ದಮೆಗಳ ಅಫಿಡವಿಟ್ ಚುನಾವಣಾ ಆಯೋಗದ ಜಾಲತಾಣದಲ್ಲಿದೆ, ತೆರೆದು ಅಪ್ಪ-ಅಮ್ಮನಿಗೂ ಓದಿ ಹೇಳಿ. ಗ್ರಾಮಸಭೆಗೆ ಹೋಗಿ ಕೂತುಕೊಳ್ಳಿ. ಊರ ಕಾಲುವೆ, ಶಾಲೆ, ಆಸ್ಪತ್ರೆಯ ಸ್ಥಿತಿಯನ್ನು ಕಣ್ಣಾರೆ ಕಂಡು, ದಿನಾಂಕ ಹಾಕಿ, ನಿಮ್ಮದೇ ಹೆಸರಿನಲ್ಲಿ ಬರೆಯಿರಿ. ಹದಿನೇಳು ತುಂಬಿದ್ದರೆ ಈಗಲೇ ನಮೂನೆ 6 ತುಂಬಬಹುದು. ಹದಿನೆಂಟಾಗುತ್ತಲೇ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿರಲಿ.

ಒಳಿತನ್ನು ಸಾಧಿಸುವುದು ದೊಡ್ಡವರಿಗೆ ಮಾತ್ರ ಎಂದುಕೊಳ್ಳಬೇಡಿ, ಸಣ್ಣವರಿಗೂ ಅದು ಸಾಧ್ಯ ಎಂಬುದು ಮಸ್ಕಿಯ ಆ ಬಂಡೆ ಹೇಳುವ ಮಾತಿನ ಸಾರ. ಅದು ದಿಟವೋ ಅಲ್ಲವೋ ಎಂದು ಯಾರಾದರೂ ಕೇಳಿದರೆ, ಅದೇ ಮಸ್ಕಿಯ 213 ಮತಗಳ ಲೆಕ್ಕ ಹೇಳಿ. ಒಂದು ಕಾಲೇಜಿನ ಎರಡು ಮೂರು ತರಗತಿಯ ಮಕ್ಕಳು ಸೇರಿದರೆ ಅಷ್ಟು ಜನ ಆಗುತ್ತಾರೆ. ಆ ತರಗತಿಗಳಲ್ಲೊಂದು ನಿಮ್ಮದೇ ಆಗಲಿ.