ಕೈಯಂತ್ರಗಳ ಕಂಪನ: ಹೊರಕವಚದ ವಿನ್ಯಾಸ ಮತ್ತು ಖರೀದಿಯಲ್ಲಿ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಲ್ಲಿ ನೀರಿನ ಕೊಳವೆ ಹಾಕಲು ಸಿ.ಸಿ. ರಸ್ತೆ ಒಡೆಯುವ ದೃಶ್ಯ ಇಂದು ಗ್ರಾಮಗಳಿಗೆ ಹೊಸದಲ್ಲ. ಅಗೆದ ರಸ್ತೆಯನ್ನು ಮೊದಲಿನಂತೆ ಮುಚ್ಚಲಾಗಿದೆಯೇ, ಕಾಮಗಾರಿಯ ಅಳತೆ ಸರಿಯಿದೆಯೇ ಎಂಬುದನ್ನು ಸದಸ್ಯರು ಪರಿಶೀಲಿಸುತ್ತಾರೆ. ಆದರೆ ಇಡೀ ದಿನ ಬ್ರೇಕರ್ ಯಂತ್ರ ಹಿಡಿದ ಕಾರ್ಮಿಕನ ಕೈ ಸಂಜೆಗೆ ಯಾವ ಸ್ಥಿತಿಯಲ್ಲಿದೆ ಎಂಬುದು ಯಾವ ಅಳತೆ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಯಂತ್ರ ನಿಂತ ಮೇಲೂ ಬೆರಳುಗಳಲ್ಲಿ ಜೋಮು ಉಳಿಯುತ್ತದೆ. ವರ್ಷಗಟ್ಟಲೆ ಇದೇ ಮುಂದುವರಿದರೆ ಅಂಗಿಯ ಗುಂಡಿ ಹಾಕುವುದೂ ನಾಣ್ಯ ಹೆಕ್ಕುವುದೂ ಕಷ್ಟವಾಗುತ್ತದೆ. ಚಳಿಯಲ್ಲಿ ರಕ್ತನಾಳಗಳು ಸಂಕುಚಿತಗೊಂಡು ಬೆರಳ ತುದಿ ಬಿಳಿಚಿಕೊಳ್ಳುವುದುಂಟು. ಬಿಸಿಲ ನಾಡಿನಲ್ಲಿ ಬಿಳಿಚುವಿಕೆ ಎದ್ದು ಕಾಣದಿದ್ದರೂ ಜೋಮು ತಪ್ಪುವುದಿಲ್ಲ. ನರಗಳಿಗೆ ಆದ ಹಾನಿ ಅನೇಕ ವೇಳೆ ಮರಳಿ ಸರಿಹೋಗುವುದಿಲ್ಲ.

ಈ ತೊಂದರೆ ಹೊಸದೇನಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ನಲ್ಲಿ ಗಾಳಿಯೊತ್ತಡದ ಸುತ್ತಿಗೆಯಿಂದ ಸುಣ್ಣಕಲ್ಲು ಕೆತ್ತುತ್ತಿದ್ದವರನ್ನು ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಅವರು ಪರೀಕ್ಷಿಸಿ 1918ರಲ್ಲಿಯೇ ವರದಿ ನೀಡಿದರು. ಅಲ್ಲಿ ಹೆಚ್ಚು ಹಾನಿಗೊಂಡದ್ದು ಉಳಿಯನ್ನು ನೇರವಾಗಿ ಹಿಡಿಯುತ್ತಿದ್ದ ಎಡಗೈ. ಕಂಪನದ ಮೂಲಕ್ಕೂ ಕೈಗೂ ನಡುವೆ ಏನಿದೆ ಎಂಬುದರ ಮೇಲೆ ಕೈಯ ಆರೋಗ್ಯ ನಿಂತಿದೆ ಎಂಬುದು ಇದರಿಂದ ತಿಳಿಯುತ್ತದೆ. ಇಂದಿನ ವಿದ್ಯುತ್ ಕೈಯಂತ್ರದಲ್ಲಿ ಆ ನಡುವಿನ ಸ್ಥಾನ ಹೊರಕವಚ ಹಾಗೂ ಹಿಡಿಕೆಯದು.

ಅಗ್ಗದ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದೇ ಕವಚವಿರುತ್ತದೆ. ಮೋಟಾರು, ಗೇರು ಮತ್ತು ಹೊಡೆಯುವ ಭಾಗಗಳನ್ನು ಅದಕ್ಕೇ ತಿರುಪಿನಿಂದ ಬಿಗಿದಿರುತ್ತಾರೆ. ಹಿಡಿಕೆಯೂ ಅದರದೇ ಭಾಗ. ಆದ್ದರಿಂದ ಒಳಗಿನ ಪ್ರತಿಯೊಂದು ಹೊಡೆತವೂ ಅಂಗೈಗೆ ನೇರವಾಗಿ ತಲುಪುತ್ತದೆ. ಉತ್ತಮ ವಿನ್ಯಾಸದಲ್ಲಿ ಯಂತ್ರದ ಭಾಗಗಳನ್ನು ಒಳಕವಚ ಹೊತ್ತಿರುತ್ತದೆ. ಹಿಡಿಕೆಯುಳ್ಳ ಹೊರಭಾಗವು ಸ್ಪ್ರಿಂಗ್ ಅಥವಾ ರಬ್ಬರ್ ತುಂಡುಗಳ ಮೂಲಕ ಮಾತ್ರ ಅದಕ್ಕೆ ಜೋಡಣೆಯಾಗಿರುತ್ತದೆ. ಬಸ್ಸಿನ ಒಡಲನ್ನು ಪಟ್ಟಿ ಸ್ಪ್ರಿಂಗುಗಳ ಮೇಲೆ ಕೂರಿಸುವ ತತ್ವವೇ ಇಲ್ಲಿಯೂ ಇದೆ.

ಆದರೆ ಯಾವುದಾದರೊಂದು ಸ್ಪ್ರಿಂಗ್ ಇದ್ದ ಮಾತ್ರಕ್ಕೆ ಸಾಲದು. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ತೂಗು ಹೆಚ್ಚುತ್ತಾ ಹೋಗುತ್ತದೆ. ಸ್ಪ್ರಿಂಗಿನ ಮೇಲೆ ಕುಳಿತ ಹಿಡಿಕೆಗೂ ಅಂತಹ ಸಹಜ ಲಯವೊಂದಿರುತ್ತದೆ. ನಿಮಿಷಕ್ಕೆ 1,800 ಬಾರಿ, ಅಂದರೆ ಸೆಕೆಂಡಿಗೆ 30 ಬಾರಿ ಹೊಡೆಯುವ ಬ್ರೇಕರನ್ನು ಉದಾಹರಣೆಯಾಗಿ ನೋಡಬಹುದು. ಹಿಡಿಕೆಯ ಸಹಜ ಲಯವೂ ಸೆಕೆಂಡಿಗೆ 30ರ ಸಮೀಪವಿದ್ದರೆ ಕಂಪನ ತಗ್ಗುವ ಬದಲು ಹಿಗ್ಗುತ್ತದೆ. ಅದು ಸುಮಾರು 21ಕ್ಕಿಂತ ಕೆಳಗಿಳಿದ ಮೇಲೆಯೇ ಕಂಪನ ತಗ್ಗತೊಡಗುತ್ತದೆ. 10ಕ್ಕೆ ಇಳಿದರೆ ಲೆಕ್ಕದ ಪ್ರಕಾರ ಎಂಟರಲ್ಲಿ ಒಂದು ಪಾಲು ಮಾತ್ರ ಕೈಗೆ ತಲುಪುತ್ತದೆ; ಬಳಕೆಯಲ್ಲಿ ಇಷ್ಟು ಲಾಭ ದೊರೆಯದಿದ್ದರೂ ಇಳಿಕೆ ಗಣನೀಯವಾಗಿಯೇ ಇರುತ್ತದೆ. ಹಾಗೆಂದು ಸ್ಪ್ರಿಂಗನ್ನು ತೀರ ಮೃದುವಾಗಿಸಿದರೆ ಯಂತ್ರ ಹತೋಟಿಗೆ ಸಿಗುವುದಿಲ್ಲ. ಕಾರ್ಮಿಕನು ಬಲವಾಗಿ ಒತ್ತಿದಾಗ ಸ್ಪ್ರಿಂಗ್ ಪೂರ್ತಿ ಕುಗ್ಗಿ, ಹೊಡೆತ ಮತ್ತೆ ನೇರವಾಗಿ ಕೈಗೆ ಬರುತ್ತದೆ. ಆದ್ದರಿಂದ ಇಂತಹ ಯಂತ್ರವನ್ನು ಹದವಾಗಿ ಒತ್ತಿ ಹಿಡಿಯುವಂತೆ ಕಾರ್ಮಿಕರಿಗೆ ತಿಳಿಸಿಕೊಡಬೇಕು.

ಹಿಡಿಕೆಯ ಮೇಲಿನ ಮೆತ್ತನೆಯ ರಬ್ಬರ್ ಹೊದಿಕೆಯನ್ನು ಈ ವ್ಯವಸ್ಥೆಯೆಂದು ಭಾವಿಸಬಾರದು. ಗ್ರೈಂಡರಿನಂತಹ ಅತಿ ವೇಗದ ಯಂತ್ರದ ಸೂಕ್ಷ್ಮ ಕಂಪನವನ್ನು ಅದು ಅಲ್ಪಸ್ವಲ್ಪ ತಗ್ಗಿಸಬಹುದು. ಬ್ರೇಕರಿನ ನಿಧಾನವಾದ ಭಾರೀ ಹೊಡೆತವನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಕೈಗವಸಿಗೂ ಇದೇ ಮಾತು ಅನ್ವಯಿಸುತ್ತದೆ. ಅದು ಗಾಯದಿಂದ ಕಾಪಾಡುತ್ತದೆ, ಕೈಯನ್ನು ಬೆಚ್ಚಗಿಡುತ್ತದೆ, ಆದರೆ ಉತ್ತಮ ಹೊರಕವಚಕ್ಕೆ ಬದಲಿಯಾಗಲಾರದು.

ವಿನ್ಯಾಸ ಬದಲಾದರೆ ಫಲವೇನು ಎಂಬುದಕ್ಕೆ ಫಿನ್ಲೆಂಡಿನ ಸುವೊಮುಸ್ಸಲ್ಮಿ ಪ್ರದೇಶದ ಅರಣ್ಯ ಕಾರ್ಮಿಕರ ಅಧ್ಯಯನವು ಸಾಕ್ಷಿಯಾಗಿದೆ. 1972ರಲ್ಲಿ ಅವರಲ್ಲಿ ಶೇ. 40ರಷ್ಟು ಮಂದಿಗೆ ಬೆರಳು ಬಿಳಿಚುವ ತೊಂದರೆಯಿತ್ತು. 1990ರ ವೇಳೆಗೆ ಅದು ಶೇ. 5ಕ್ಕೆ ಇಳಿಯಿತು. ಈ ಅವಧಿಯಲ್ಲಿ ಮರ ಕೊಯ್ಯುವ ಚೈನ್ ಗರಗಸಗಳ ಕಂಪನದ ಅಳತೆ 14ರಿಂದ 2ಕ್ಕೆ ತಗ್ಗಿತ್ತು. ಎಂಜಿನ್ನಿನಿಂದ ಹಿಡಿಕೆಯನ್ನು ಬೇರ್ಪಡಿಸಿದ ವಿನ್ಯಾಸವು ಈ ಇಳಿಕೆಗೆ ಮುಖ್ಯವಾಗಿ ನೆರವಾಯಿತು.

ಈ ಅಳತೆಯ ಏಕಮಾನ ‘ಮೀಟರ್ ಪ್ರತಿ ಸೆಕೆಂಡ್ ವರ್ಗ’. ಐರೋಪ್ಯ ಒಕ್ಕೂಟದ 2002ರ ನಿರ್ದೇಶನದಂತೆ, 8 ಗಂಟೆಗಳ ಕೆಲಸದ ದಿನಕ್ಕೆ ಕಂಪನದ ಪ್ರಮಾಣ 2.5 ದಾಟಿದರೆ ಮಾಲೀಕರು ಅದನ್ನು ತಗ್ಗಿಸುವ ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು. ಆ ನಿಯಮ ನಮ್ಮ ದೇಶಕ್ಕೆ ಅನ್ವಯಿಸದಿದ್ದರೂ ಅಳತೆಗೋಲಾಗಿ ಉಪಯುಕ್ತ. ಕಂಪನ ಇಮ್ಮಡಿಯಾದರೆ ಸುರಕ್ಷಿತ ಅವಧಿ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಕ್ರಮ ಕೈಗೊಳ್ಳಬೇಕಾದ ಮಟ್ಟವನ್ನು 2.5ರ ಯಂತ್ರವು 8 ಗಂಟೆಗಳಲ್ಲಿ ತಲುಪಿದರೆ, 5ರ ಯಂತ್ರವು 2 ಗಂಟೆಗಳಲ್ಲಿ, 10ರ ಯಂತ್ರವು ಕೇವಲ ಅರ್ಧ ಗಂಟೆಯಲ್ಲಿ ತಲುಪುತ್ತದೆ.

ಗ್ರಾಮ ಪಂಚಾಯಿತಿಯ ಪಾತ್ರ ಇಲ್ಲಿಯೇ ಆರಂಭವಾಗುತ್ತದೆ. ದರಪಟ್ಟಿಗಳನ್ನು ಹೋಲಿಸುವಾಗ ಬೆಲೆ ಕಾಣುತ್ತದೆ, ಕಂಪನ ಕಾಣುವುದಿಲ್ಲ. ತಾಂತ್ರಿಕ ವಿವರಣೆಯಲ್ಲಿ ಕಂಪನದ ಮಾತೇ ಇಲ್ಲದಿದ್ದರೆ ಒಂದೇ ಕವಚದ ಅಗ್ಗದ ಯಂತ್ರವೇ ಆಯ್ಕೆಯಾಗುವುದು ಸಹಜ. ಆದ್ದರಿಂದ ಸದಸ್ಯರು ಈ ಕೆಳಗಿನ ಅಂಶಗಳನ್ನು ಸಾಮಾನ್ಯ ಸಭೆಯ ಗಮನಕ್ಕೆ ತರುವುದು ಸೂಕ್ತ.

1. ಬ್ರೇಕರ್, ಡ್ರಿಲ್, ಗ್ರೈಂಡರ್, ಕಳೆ ಕತ್ತರಿಸುವ ಯಂತ್ರಗಳ ಖರೀದಿಯಲ್ಲಿ ದರಪಟ್ಟಿ ಕರೆಯುವ ಮೊದಲೇ ಕಂಪನದ ಗರಿಷ್ಠ ಮಿತಿಯನ್ನು ತಾಂತ್ರಿಕ ವಿವರಣೆಯಲ್ಲಿ ಸೇರಿಸುವುದು. ಅನೇಕ ತಯಾರಕರು ಯಂತ್ರದ ಕೈಪಿಡಿಯಲ್ಲಿ ಈ ಅಂಕಿಯನ್ನು ಮುದ್ರಿಸುತ್ತಾರೆ. ಪ್ರಯೋಗಾಲಯದ ಅಂಕಿಗಿಂತ ಕೆಲಸದ ಸ್ಥಳದ ಕಂಪನ ಹೆಚ್ಚಿರಬಹುದೆಂಬುದು ನೆನಪಿರಲಿ.

2. ಗುತ್ತಿಗೆ ಕಾಮಗಾರಿಗಳಲ್ಲಿ ಒಬ್ಬನೇ ಕಾರ್ಮಿಕನು ದಿನವಿಡೀ ಬ್ರೇಕರ್ ಹಿಡಿಯದಂತೆ ಸರದಿ ವ್ಯವಸ್ಥೆಯನ್ನು ಷರತ್ತಾಗಿ ವಿಧಿಸುವುದು.

3. ಹಿಡಿಕೆಯ ರಬ್ಬರ್ ಮತ್ತು ಸ್ಪ್ರಿಂಗುಗಳನ್ನು ನಿಯತವಾಗಿ ಪರಿಶೀಲಿಸುವುದು. ಎಣ್ಣೆ ಮತ್ತು ಬಿಸಿಗೆ ಸಿಲುಕಿದ ರಬ್ಬರ್ ಗಡುಸಾಗುತ್ತದೆ, ಬಿರುಕು ಬಿಡುತ್ತದೆ. ಆಗ ಉತ್ತಮ ಯಂತ್ರವೂ ಅಗ್ಗದ ಯಂತ್ರದಂತೆಯೇ ನಡುಗುತ್ತದೆ. ಮೊಂಡಾದ ಉಳಿ, ಸಮತೋಲ ತಪ್ಪಿದ ಚಕ್ರಗಳನ್ನು ಕೂಡಲೇ ಬದಲಿಸುವುದು.

4. ಕೈಯಲ್ಲಿ ಜೋಮು ಅಥವಾ ಬಿಳಿಚುವಿಕೆ ಕಂಡವರನ್ನು ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು ಹಾಗೂ ಅವರಿಗೆ ಬೇರೆ ಕೆಲಸ ನೀಡುವುದು. ಜೋಮನ್ನು ಹೇಳಿಕೊಂಡರೆ ಕೂಲಿ ತಪ್ಪೀತೆಂಬ ಭಯವಿರುವಲ್ಲಿ ಯಾರೂ ಹೇಳಿಕೊಳ್ಳುವುದಿಲ್ಲ.

ಮುಂದಿನ ಖರೀದಿಯ ಕಡತ ಸಭೆಯ ಮುಂದೆ ಬಂದಾಗ ಬೆಲೆಯ ಪಕ್ಕದಲ್ಲಿ ಕಂಪನದ ಅಂಕಿಯನ್ನೂ ಬರೆಯಲಾಗಿದೆಯೇ ಎಂದು ಒಬ್ಬ ಸದಸ್ಯರು ಕೇಳಿದರೂ ಈ ಉಪನ್ಯಾಸದ ಉದ್ದೇಶ ಸಾರ್ಥಕವಾಗುತ್ತದೆ.