ಒಬ್ಬರೇ ದೋಣಿ ಕಟ್ಟುವುದು ಹೇಗೆ?

(ಕಾಸರಗೋಡು ಜಿಲ್ಲೆಯ ಹೊಳೆ ದಂಡೆಯ ಒಂದು ಕಲಿಕಾ ಕೇಂದ್ರದಲ್ಲಿ ಸಾಕ್ಷರತಾ ಸಂಯೋಜಕರು ಆಡಿದ ಮಾತು. ಕಲಿಯುವವರಿಗೆ ಓದಲು ಸುಲಭವಾಗಲೆಂದು ಆಡಿದ ಹಾಗೆಯೇ ಬರೆದಿದೆ.)



ಹೋದ ವಾರ ನಾವು ‘ದ’ ಅಕ್ಷರ ಕಲಿತೆವು. ದ, ದಾ, ದಿ, ದೀ. ‘ದೋ’ ಬಂದಾಗ ದೋಣಿ ಅಂತ ಓದಿದೆವು. ಪುಸ್ತಕದಲ್ಲಿ ಒಂದು ಹಾಯಿದೋಣಿಯ ಚಿತ್ರ ಉಂಟು. ಬಿಳಿ ಹಾಯಿ, ಒಳಗೆ ಒಬ್ಬನೇ ಮನುಷ್ಯ. ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಣ್ಣ ಕೇಳಿದರು: “ಇವನು ಒಬ್ಬನೇ ಇದ್ದಾನಲ್ಲ, ದಡಕ್ಕೆ ಬಂದರೆ ದೋಣಿ ಕಟ್ಟುವುದು ಯಾರು?”

ಎಲ್ಲರೂ ನಕ್ಕರು. ಆದರೆ ಅದು ನಗುವ ಪ್ರಶ್ನೆ ಅಲ್ಲ. ದೋಣಿ ಬಿಡಲಿಕ್ಕೆ ತುಂಬ ಜನರಿಗೆ ಬರ್ತದೆ. ಒಬ್ಬರೇ ಇದ್ದಾಗ ದಡಕ್ಕೆ ತಂದು, ಪೆಟ್ಟಾಗದ ಹಾಗೆ ಕಟ್ಟಲಿಕ್ಕೆ ಬರುವವರು ಕಡಿಮೆ. ನಮ್ಮ ಹೊಳೆಗಳಲ್ಲಿ ಈಗ ಹಾಯಿ ಕಾಣುವುದು ಅಪರೂಪ. ಹುಟ್ಟು ಹಾಕುವ ದೋಣಿ, ಎಂಜಿನ್ ದೋಣಿ ಇವೆ. ಮಕ್ಕಳು ಗಲ್ಫಿಗೆ ಹೋದ ಮನೆಗಳಲ್ಲಿ ವಯಸ್ಸಾದವರು ಒಬ್ಬರೇ ದೋಣಿ ತೆಗೆದುಕೊಂಡು ಹೋಗ್ತಾರೆ. ಎಂಜಿನ್ ನಿಂತರೆ ಅವರದ್ದೂ ಹಾಯಿದೋಣಿಯ ಪಾಡೇ. ಆದ್ದರಿಂದ ಈ ಮಾತು ಎಲ್ಲರಿಗೂ ಬೇಕು.

ನನ್ನ ಎರಡು ಬೆರಳು

ನಾನು ಸೀಮೆಸುಣ್ಣ ಹಿಡಿಯುವ ರೀತಿ ನೋಡಿ ನೀವು ಒಳಗೊಳಗೆ ನಗುವುದು ನನಗೆ ಗೊತ್ತುಂಟು. ಬಲಗೈಯ ಈ ಎರಡು ಬೆರಳು ಮಡಚುವುದಿಲ್ಲ. ಯಾಕೆ ಅಂತ ಇವತ್ತು ಹೇಳ್ತೇನೆ.

ಬಿ.ಎ. ಮುಗಿಸಿ ಕೆಲಸ ಸಿಗದೆ ಒಂದು ವರ್ಷ ಗೋವಾದಲ್ಲಿ ಮಾವನ ಹತ್ತಿರ ಇದ್ದೆ. ಮಾಂಡೋವಿ ಹೊಳೆಯಲ್ಲಿ ಬೇರೆಯವರ ಸಣ್ಣ ಹಾಯಿದೋಣಿಗಳನ್ನು ನೋಡಿಕೊಳ್ಳುವುದು ಮಾವನ ಕೆಲಸ. ನಾನೂ ಕಲಿತೆ. ನಾಲ್ಕು ತಿಂಗಳಿಗೇ ಎಲ್ಲ ಬಂತು ಅಂದುಕೊಂಡೆ. ಒಂದು ಸಂಜೆ ಒಬ್ಬನೇ ದೋಣಿ ತಂದೆ. ಗಾಳಿ ಹಿಂದಿನಿಂದ, ನೀರಿನ ಸೆಳೆತವೂ ಹಿಂದಿನಿಂದ. ದೋಣಿ ಜೋರಾಗಿ ಧಕ್ಕೆಯ ಕಡೆಗೆ ಹೋಗ್ತಾ ಉಂಟು. ಇದು ಸರಿಯಿಲ್ಲ, ತಿರುಗಿಸಿ ಇನ್ನೊಂದು ಸುತ್ತು ಬರಬೇಕು ಅಂತ ಮನಸ್ಸು ಹೇಳಿತು. ಆದರೆ ಧಕ್ಕೆಯ ಮೇಲೆ ಹತ್ತು ಜನ ನಿಂತು ನೋಡ್ತಾ ಇದ್ದರು. ನಾಚಿಕೆ ಆಯಿತು. ಹಾಗೇ ಬಂದೆ. ದೋಣಿ ನಿಲ್ಲಿಸಲಿಕ್ಕೆ ಕೈ ಅಡ್ಡ ಕೊಟ್ಟೆ. ಕಲ್ಲಿಗೂ ದೋಣಿಗೂ ನಡುವೆ ಕೈ ಸಿಕ್ಕಿತು.

ಮಾವ ಬೈಯಲಿಲ್ಲ. ಆಸ್ಪತ್ರೆಯಲ್ಲಿ ಒಂದೇ ಮಾತು ಹೇಳಿದರು: “ದೋಣಿ ನಿಲ್ಲಿಸುವುದು ಹಗ್ಗದ ಕೆಲಸ, ಕೈಯ ಕೆಲಸ ಅಲ್ಲ.”

ಬರುವ ಮೊದಲೇ ತಯಾರಿ

ಇಬ್ಬರು ಇದ್ದರೆ ಒಬ್ಬ ಚುಕ್ಕಾಣಿ ಹಿಡಿಯುತ್ತಾನೆ, ಇನ್ನೊಬ್ಬ ಹಗ್ಗ ಹಿಡಿಯುತ್ತಾನೆ. ಒಬ್ಬರೇ ಇದ್ದರೆ ಧಕ್ಕೆಯ ಹತ್ತಿರ ಬಂದ ಮೇಲೆ ಹಗ್ಗ ಹುಡುಕಲಿಕ್ಕೆ ಸಮಯ ಇಲ್ಲ. ಆದ್ದರಿಂದ ಅರ್ಧ ಕೆಲಸ ದೂರದಲ್ಲೇ ಮುಗಿಯಬೇಕು. ಇನ್ನೂ ಇನ್ನೂರು ಮೀಟರ್ ದೂರ ಇರುವಾಗಲೇ ಈ ಮೂರು ಕೆಲಸ ಮಾಡಿ.

1. ಮೂರು ಹಗ್ಗ ಸಿದ್ಧ ಮಾಡಿ. ಒಂದು ಮೂತಿಯಲ್ಲಿ, ಒಂದು ಹಿಂಬದಿಯಲ್ಲಿ, ಒಂದು ದೋಣಿಯ ನಡುವೆ. ಮೂತಿಗೆ ನಮ್ಮ ಮಲಯಾಳಿ ಗೆಳೆಯರು ಅಣಿಯಂ ಅಂತಾರೆ, ಹಿಂಬದಿಗೆ ಅಮರಂ ಅಂತಾರೆ. ಹಗ್ಗದ ಒಂದು ತುದಿ ದೋಣಿಗೆ ಗಟ್ಟಿ ಕಟ್ಟಿರಲಿ. ಇನ್ನೊಂದು ತುದಿ ಸುರುಳಿ ಮಾಡಿ ಕೈಗೆ ಸಿಗುವ ಹಾಗೆ ಇಡಿ. ಹಗ್ಗ ಯಾವುದಕ್ಕೂ ಸಿಕ್ಕಿಕೊಳ್ಳದೆ ದೋಣಿಯ ಹೊರಗಿನಿಂದ ಬರಬೇಕು.

2. ಧಕ್ಕೆಗೆ ತಾಗುವ ಬದಿಯಲ್ಲಿ ಹಳೆ ಟಯರ್ ಅಥವಾ ತೆಂಗಿನ ನಾರು ತುಂಬಿದ ಗೋಣಿಚೀಲ ನೇತುಹಾಕಿ. ಪೆಟ್ಟು ಅದಕ್ಕೆ ಬೀಳಲಿ.

3. ಜೀವರಕ್ಷಕ ಜಾಕೆಟ್ ಹಾಕಿ. ಒಬ್ಬರೇ ಇದ್ದಾಗ ನೀರಿಗೆ ಬಿದ್ದರೆ ಎತ್ತುವವರು ಯಾರೂ ಇಲ್ಲ. ದೋಣಿಯ ಹಿಂಬದಿಯಲ್ಲಿ ಕಾಲಿಟ್ಟು ಹತ್ತಲಿಕ್ಕೆ ಒಂದು ಹಗ್ಗದ ಕುಣಿಕೆ ನೇತಾಡುತ್ತಿರಲಿ.

ಗಾಳಿಯನ್ನು ಓದಿ, ನೀರನ್ನು ಓದಿ

ನಾವು ಇಲ್ಲಿ ಅಕ್ಷರ ಓದಲಿಕ್ಕೆ ಕಲಿಯುತ್ತೇವೆ. ಗಾಳಿ, ನೀರು ಓದುವುದನ್ನು ನೀವು ನಮಗೆ ಕಲಿಸಬಹುದು. ತೆಂಗಿನ ಗರಿ ಯಾವ ಕಡೆ ವಾಲ್ತದೆ? ಒಗೆದು ಹಾಕಿದ ಬಟ್ಟೆ ಯಾವ ಕಡೆ ಹಾರ್ತದೆ? ಒಂದೇ ಹಗ್ಗಕ್ಕೆ ಕಟ್ಟಿದ ಬೇರೆ ದೋಣಿಗಳು ಯಾವ ಕಡೆ ಮುಖ ಮಾಡಿ ನಿಂತಿವೆ? ಅವು ಮುಖ ಮಾಡಿದ ಕಡೆಯಿಂದಲೇ ಗಾಳಿಯೋ ಸೆಳೆತವೋ ಜೋರಾಗಿ ಬರ್ತಾ ಉಂಟು ಅಂತ ಅರ್ಥ.

ನಿಯಮ ಇಷ್ಟೇ: ಯಾವುದು ಜೋರೋ ಅದಕ್ಕೆ ಎದುರಾಗಿ ಬನ್ನಿ. ಮಳೆಗಾಲದಲ್ಲಿ ಹೊಳೆಯ ಸೆಳೆತ ಜೋರು. ಬೇಸಿಗೆಯ ಮಧ್ಯಾಹ್ನ ಕಡಲ ಗಾಳಿ ಜೋರು.

ಯಾಕೆ ಎದುರಾಗಿ? ದೋಣಿಗೆ ಬ್ರೇಕ್ ಇಲ್ಲ. ಗಾಳಿ ಎದುರಿನಿಂದ ಬಂದರೆ ಹಾಯಿಯ ಹಗ್ಗ ಸಡಿಲ ಬಿಡಬಹುದು. ಆಗ ಹಾಯಿ ಪಟಪಟ ಬಡಿಯುತ್ತದೆ, ಅದರ ಬಲ ಹೋಗ್ತದೆ, ದೋಣಿ ನಿಧಾನ ಆಗ್ತದೆ. ಅದೇ ನಮ್ಮ ಬ್ರೇಕ್. ಗಾಳಿ ಹಿಂದಿನಿಂದ ಬಂದರೆ ಹಗ್ಗ ಎಷ್ಟು ಬಿಟ್ಟರೂ ಹಾಯಿ ತುಂಬಿಕೊಂಡೇ ಇರ್ತದೆ. ನನಗೆ ಆದದ್ದು ಅದೇ. ಬೇರೆ ದಾರಿ ಇಲ್ಲದೆ ಗಾಳಿಯ ಜೊತೆಗೇ ಬರಬೇಕಾದರೆ ದೂರದಲ್ಲೇ ಹಾಯಿ ಪೂರ್ತಿ ಇಳಿಸಿ. ಬರಿಯ ಕಂಬದ ಮೇಲೆ ಬೀಳುವ ಗಾಳಿಯೇ ನಿಮ್ಮನ್ನು ಮೆಲ್ಲಗೆ ತರ್ತದೆ. ಹುಟ್ಟು ಕೈಯಲ್ಲಿರಲಿ.

ವೇಗ ಎಷ್ಟು? ನೀರಿನ ಕೊಡ ಹೊತ್ತವರು ನಡೆಯುವಷ್ಟು. ಎಷ್ಟು ಜೋರಾಗಿ ಧಕ್ಕೆಗೆ ಬಡಿದರೆ ಪರವಾಗಿಲ್ಲವೋ, ಅದಕ್ಕಿಂತ ಜೋರಾಗಿ ಹತ್ತಿರ ಬರಬೇಡಿ. ಮೊದಲು ಒಮ್ಮೆ ಧಕ್ಕೆಯ ಮುಂದೆ ಸುಮ್ಮನೆ ಹಾದುಹೋಗಿ. ಕಂಬ ಎಲ್ಲಿ ಉಂಟು, ಜಾಗ ಎಷ್ಟು ಉಂಟು ನೋಡಿ. ಎರಡನೇ ಸಲ ಕಟ್ಟಲಿಕ್ಕೆ ಬನ್ನಿ. ಆಗಲೂ ಸರಿಯಿಲ್ಲ ಅನಿಸಿದರೆ ತಿರುಗಿಸಿ ಮೂರನೇ ಸಲ ಬನ್ನಿ. ನೋಡುವವರು ನಗಲಿ. ಅವರ ನಗು ಒಂದು ಗಳಿಗೆ, ಬೆರಳು ಜೀವಮಾನಕ್ಕೆ.

ಮೊದಲ ಹಗ್ಗ ಯಾವುದು?

ಒಬ್ಬರೇ ಇರುವವರಿಗೆ ಇದು ಮುಖ್ಯ. ನಮ್ಮಲ್ಲಿ ಹೆಚ್ಚಿನವರು ಮೂತಿಯ ಹಗ್ಗ ಹಿಡಿದು ದಡಕ್ಕೆ ಹಾರ್ತಾರೆ. ಮೂತಿ ಮಾತ್ರ ಕಟ್ಟಿದರೆ ಹಿಂಬದಿ ಹೊರಗೆ ಹೋಗ್ತದೆ. ಹಿಂಬದಿ ಮಾತ್ರ ಕಟ್ಟಿದರೆ ಎದುರು ಗಾಳಿ ಮೂತಿಯನ್ನು ತಳ್ಳಿ ದೋಣಿಯನ್ನೇ ತಿರುಗಿಸ್ತದೆ. ಅದನ್ನು ಹಿಡಿಯಲಿಕ್ಕೆ ಇನ್ನೊಬ್ಬ ಇಲ್ಲ.

ಆದ್ದರಿಂದ ಮೊದಲು ನಡುವಿನ ಹಗ್ಗ. ಧಕ್ಕೆಯ ಕಂಬಕ್ಕೆ ಅದನ್ನು ಒಂದು ಸುತ್ತು ಹಾಕಿ, ಗಿಡ್ಡವಾಗಿ ಎಳೆದು ಕಟ್ಟಿ. ತಕ್ಕಡಿಯನ್ನು ನಡುವೆ ಹಿಡಿದ ಹಾಗೆ ದೋಣಿ ಧಕ್ಕೆಗೆ ಸಮವಾಗಿ ನಿಲ್ತದೆ. ಮೂತಿಯೂ ಹಿಂಬದಿಯೂ ದೂರ ಹೋಗುವುದಿಲ್ಲ. ಆಮೇಲೆ ನಿಧಾನವಾಗಿ ಮುಂದಿನದ್ದು, ಹಿಂದಿನದ್ದು ಕಟ್ಟಬಹುದು.

ಮೂರು ಎಚ್ಚರಿಕೆ. ಧಕ್ಕೆಗೆ ಹಾರಬೇಡಿ, ಕಾಲಿಟ್ಟು ಇಳಿಯುವಷ್ಟು ಹತ್ತಿರ ಬರುವ ತನಕ ಕಾಯಿರಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಕೈಕಾಲನ್ನು ದೋಣಿಗೂ ಕಲ್ಲಿಗೂ ನಡುವೆ ಕೊಡಬೇಡಿ. ಕಂಬಕ್ಕೆ ಒಂದು ಸುತ್ತು ಹಾಕಿದರೆ ಆ ತಿಕ್ಕಾಟವೇ ದೋಣಿಯನ್ನು ತಡೆಯುತ್ತದೆ. ಮಾವ ಹೇಳಿದ ಮಾತಿನ ಅರ್ಥ ಇದು.

ಗಂಟು ಯಾವುದು? ಕಂಬಕ್ಕೆ ಎರಡು ಪೂರ್ತಿ ಸುತ್ತು, ಮೇಲೆ ಎರಡು ಅರ್ಧ ಗಂಟು. ದನ ಕಟ್ಟುವವರಿಗೆ ಇದು ಹೊಸದಲ್ಲ. ಹಗ್ಗ ಬಿಗಿದು ನಿಂತಾಗಲೂ ಇದನ್ನು ಬಿಚ್ಚಬಹುದು.

ಹೊರಡುವಾಗ ಕೊನೆಯ ಹಗ್ಗವನ್ನು ಕಂಬಕ್ಕೆ ಬಳಸಿ ಎರಡೂ ತುದಿ ದೋಣಿಯ ಒಳಗೇ ಇರುವ ಹಾಗೆ ಮಾಡಿಕೊಳ್ಳಿ. ಒಂದು ತುದಿ ಬಿಟ್ಟು ಇನ್ನೊಂದು ಎಳೆದರೆ ಹಗ್ಗ ಕೈಗೆ ಬರ್ತದೆ. ದಡಕ್ಕೆ ಇಳಿಯುವ ಕೆಲಸ ಇಲ್ಲ.

ಭರತ, ಇಳಿತ ಮತ್ತು ಲೆಕ್ಕ

ಕಟ್ಟಿ ಮನೆಗೆ ಹೋದರೆ ಮುಗಿಯಲಿಲ್ಲ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಸುಮಾರು ಒಂದರಿಂದ ಒಂದೂವರೆ ಮೀಟರ್ ಏರಿ ಇಳಿಯುತ್ತದೆ. ಭರತದಲ್ಲಿ ಬಿಗಿಯಾಗಿ ಕಟ್ಟಿ ಹೋದರೆ ಇಳಿತದಲ್ಲಿ ದೋಣಿ ಹಗ್ಗದಲ್ಲಿ ನೇತಾಡುತ್ತದೆ. ಇಳಿತದಲ್ಲಿ ಬಿಗಿಯಾಗಿ ಕಟ್ಟಿ ಹೋದರೆ ಭರತದಲ್ಲಿ ಹಗ್ಗ ಕಡಿಯುತ್ತದೆ, ಇಲ್ಲವೇ ದೋಣಿ ವಾಲಿ ನೀರು ತುಂಬುತ್ತದೆ. ಆದ್ದರಿಂದ ಮುಂದಿನ, ಹಿಂದಿನ ಹಗ್ಗ ಉದ್ದ ಇರಲಿ, ದೂರದ ಕಂಬಕ್ಕೆ ಓರೆಯಾಗಿ ಹೋಗಲಿ. ಎಲ್ಲ ಕಟ್ಟಿದ ಮೇಲೆ ನಡುವಿನ ಗಿಡ್ಡ ಹಗ್ಗವನ್ನು ಸಡಿಲ ಮಾಡಲು ಮರೆಯಬೇಡಿ.

ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತು ಬೆಳಿಗ್ಗೆ 6 ಗಂಟೆಗೆ ಭರತ ಇದ್ದರೆ ನಾಳೆ ಬೆಳಿಗ್ಗೆ ಸುಮಾರು 6 ಗಂಟೆ 50 ನಿಮಿಷಕ್ಕೆ. ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಭರತ ಇಳಿತದ ಪಟ್ಟಿ ಪ್ರಕಟಿಸುತ್ತದೆ. ಅಂಕಿ ಓದಲು ಬಂದವರು ಈ ಪಟ್ಟಿ ಓದಬಹುದು.

ಧಕ್ಕೆ ಇಲ್ಲದ ಕಡೆ ಲಂಗರು ಹಾಕಬೇಕು. ಅಲ್ಲಿಯೂ ಗಾಳಿಗೆ ಎದುರಾಗಿ ಬಂದು, ದೋಣಿ ಪೂರ್ತಿ ನಿಂತ ಮೇಲೆ ಲಂಗರು ಇಳಿಸಿ, ದೋಣಿಯನ್ನು ಹಿಂದಕ್ಕೆ ಹೋಗಲು ಬಿಡಿ. ಹಗ್ಗ ಎಷ್ಟು ಬಿಡಬೇಕು? ಆಳದ ಐದರಿಂದ ಏಳು ಪಾಲು. ಈಗ ನೀರು 3 ಮೀಟರ್, ಭರತಕ್ಕೆ ಏರುವುದು 1 ಮೀಟರ್, ನೀರಿನಿಂದ ಮೂತಿಯ ಎತ್ತರ ಅರ್ಧ ಮೀಟರ್. ಒಟ್ಟು ನಾಲ್ಕೂವರೆ ಮೀಟರ್. ಅದರ ಐದು ಪಾಲು ಇಪ್ಪತ್ತೆರಡೂವರೆ ಮೀಟರ್. ಗಿಡ್ಡ ಹಗ್ಗ ಲಂಗರನ್ನು ಮೇಲಕ್ಕೆ ಎಳೆದು ಕಿತ್ತು ಹಾಕ್ತದೆ. ಉದ್ದ ಹಗ್ಗ ನೆಲದ ಉದ್ದಕ್ಕೆ ಎಳೆದು ಕಚ್ಚಿಸ್ತದೆ.

ಒಬ್ಬನೇ ಲೋಕ ಸುತ್ತಿದವರು

ನಮ್ಮ ನೌಕಾಪಡೆಯ ದಿಲೀಪ್ ದೊಂಡೆ 2009ರ ಆಗಸ್ಟಿನಲ್ಲಿ ಮುಂಬಯಿಯಿಂದ ಹೊರಟು, ಒಬ್ಬರೇ ಹಾಯಿದೋಣಿಯಲ್ಲಿ ಲೋಕ ಸುತ್ತಿ 2010ರ ಮೇ ತಿಂಗಳಲ್ಲಿ ಮರಳಿದರು. ಹಾಗೆ ಮಾಡಿದ ಮೊದಲ ಭಾರತೀಯ ಅವರು. ದಾರಿಯಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್, ಫಾಕ್‌ಲ್ಯಾಂಡ್, ದಕ್ಷಿಣ ಆಫ್ರಿಕ ಹೀಗೆ ನಾಲ್ಕು ಕಡೆ ದಡ ಸೇರಿದರು. ಅದೇ ದೋಣಿಯಲ್ಲಿ ಕೇರಳದವರೇ ಆದ ಅಭಿಲಾಷ್ ಟೋಮಿ 2012ರ ನವೆಂಬರಿನಲ್ಲಿ ಹೊರಟು, ಎಲ್ಲಿಯೂ ನಿಲ್ಲದೆ ಲೋಕ ಸುತ್ತಿ 2013ರಲ್ಲಿ ಮುಂಬಯಿಗೆ ಬಂದರು. 56 ಅಡಿಯ ಆ ದೋಣಿ ಕಟ್ಟಿದ್ದು ಗೋವಾದಲ್ಲಿ. ಅದರ ಹೆಸರು ಮ್ಹಾದೆಯಿ. ಕರ್ನಾಟಕದ ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿ ಹೊಳೆಯ ಹೆಸರು ಅದು. ಗೋವಾದಲ್ಲಿ ಅದೇ ಮಾಂಡೋವಿ. ನನ್ನ ಬೆರಳು ಸಿಕ್ಕಿಕೊಂಡ ಹೊಳೆ!

ಲೋಕ ಸುತ್ತಿದವರಿಗೂ ಕೊನೆಯ ಕೆಲಸ ದಡ ಸೇರುವುದೇ.

ಕೊನೆಯ ಮಾತು

ಈ ತರಗತಿಗೆ ಎರಡು ದಿನ ಬಂದು ಬಿಟ್ಟವರು ಇದ್ದಾರೆ. “ಈ ವಯಸ್ಸಿನಲ್ಲಿ ಮತ್ತೆ ಹೋದರೆ ಜನ ನಗ್ತಾರೆ” ಅಂತಾರಂತೆ. ಅವರ ಮನೆಗೆ ಈ ಹಾಳೆ ತೆಗೆದುಕೊಂಡು ಹೋಗಿ ಓದಿ ಹೇಳಿ. ಒಂದು ಸಲ ತಪ್ಪಿದರೆ ತಿರುಗಿಸಿ ಇನ್ನೊಂದು ಸಲ ಬರಬಹುದು. ಧಕ್ಕೆ ಅಲ್ಲೇ ಇರ್ತದೆ. ನಾವೂ ಇಲ್ಲೇ ಇರ್ತೇವೆ.

ಓದಿ, ಉತ್ತರ ಬರೆಯಿರಿ
1. ಒಬ್ಬರೇ ಇದ್ದಾಗ ಮೊದಲು ಕಟ್ಟಬೇಕಾದ ಹಗ್ಗ ಯಾವುದು? ಯಾಕೆ?
2. ಇವತ್ತು ಬೆಳಿಗ್ಗೆ 8 ಗಂಟೆಗೆ ಭರತ ಇದ್ದರೆ ನಾಳೆ ಬೆಳಿಗ್ಗೆ ಸುಮಾರು ಎಷ್ಟು ಗಂಟೆಗೆ?
3. ನೀರಿನ ಆಳ 2 ಮೀಟರ್, ಭರತ 1 ಮೀಟರ್, ಮೂತಿಯ ಎತ್ತರ 1 ಮೀಟರ್. ಐದು ಪಾಲು ಎಂದರೆ ಲಂಗರಿನ ಹಗ್ಗ ಎಷ್ಟು ಮೀಟರ್?
4. ನೀವು ದೋಣಿ ಕಟ್ಟುವ ರೀತಿಯನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ.

ಪದಗಳ ಅರ್ಥ
ಧಕ್ಕೆ – ದೋಣಿ ನಿಲ್ಲಿಸುವ ಕಟ್ಟೆ
ಭರತ – ಕಡಲಿನ ನೀರು ಏರುವುದು, ಉಬ್ಬರ
ಚುಕ್ಕಾಣಿ – ದೋಣಿಯನ್ನು ತಿರುಗಿಸುವ ಹಲಗೆ
ಸೆಳೆತ – ನೀರು ಎಳೆಯುವ ಬಲ